ದುಖಾನಿನಲ್ಲಿ ವಿಶ್ವದ ಲೆಕ್ಕ

ಕತಾರಿಗೆ ಹೋದವರು ಸಾಮಾನ್ಯವಾಗಿ ಕಡಲಂಚಿನ ಎತ್ತರದ ಕಟ್ಟಡಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬರುತ್ತಾರೆ. ನಾನು ಹೋದದ್ದು ಗೆಳತಿಯ ಗಂಡನ ಜೊತೆ ವಾದ ಮಾಡಲು.

ಗೆಳತಿಯ ಹೆಸರು ಜೆಸಿಂತಾ. ಮಂಗಳೂರಿನಲ್ಲಿ ಎಂ.ಎಸ್ಸಿ. ಓದುವಾಗ ನಾವಿಬ್ಬರೂ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದೆವು. ಫೀಲಿಕ್ಸ್ ನಮಗಿಂತ ಒಂದು ವರ್ಷ ಮುಂದಿದ್ದ. ಅವನನ್ನು ಮದುವೆಯಾಗಿ ಅವಳು ಕತಾರಿಗೆ ಹೋದಳು. ಎಣ್ಣೆ ಬಾವಿಗಳ ಊರಾದ ದುಖಾನಿನಲ್ಲಿ ಅವನಿಗೆ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ, ಅವಳಿಗೆ ಅಲ್ಲಿಯ ಶಾಲೆಯ ಆಫೀಸಿನಲ್ಲಿ ಕೆಲಸ. ನಾನು ಕಾರ್ಕಳದಲ್ಲೇ ಉಳಿದು ಭೌತಶಾಸ್ತ್ರ ಪಾಠ ಮಾಡಿ ನಿವೃತ್ತಳಾದೆ. ಈಗ ಒಂದು ವಾರಪತ್ರಿಕೆಗೆ ವಿಜ್ಞಾನದ ಅಂಕಣ ಬರೆಯುತ್ತೇನೆ. ಕಳೆದ ವರ್ಷ ಕೆಲವು ವಾರ, ಈ ಇಡೀ ವಿಶ್ವವೇ ಒಂದು ದೊಡ್ಡ ಗಣನೆ ಎಂದು ಹೇಳುವ ಸಿದ್ಧಾಂತಗಳ ಬಗ್ಗೆ ಬರೆದಿದ್ದೆ. ಜೆಸಿಂತಾ ಅವನ್ನು ಗಂಡನಿಗೆ ತೋರಿಸುತ್ತಿದ್ದಳಂತೆ. ಆಮೇಲೊಂದು ದಿನ ಫೋನ್ ಮಾಡಿದಳು.

"ನೀನು ಬರೆದದ್ದನ್ನು ಇವರು ತಲೆಗೆ ಹತ್ತಿಸಿಕೊಂಡಿದ್ದಾರೆ ಮಾರಾಯ್ತಿ. ಹಾರ್ಟಲ್ಲಿ ಬ್ಲಾಕ್ ಉಂಟು, ಬೈಪಾಸ್ ಮಾಡ್ಲೇಬೇಕು ಅಂತ ಡಾಕ್ಟರ್ ಹೇಳಿ ಆಯ್ತು. ಇವರು ಎಂತ ಹೇಳುದು ಗೊತ್ತುಂಟಾ? ಬದುಕುದಾ ಸಾಯುದಾ ಅಂತ ಆಗ್ಲೇ ಲೆಕ್ಕ ಆಗಿದೆಯಂತೆ. ಆಪರೇಶನ್ ಮಾಡಿಸಿದ್ರೂ ಅಷ್ಟೇ, ಬಿಟ್ರೂ ಅಷ್ಟೇ ಅಂತೆ. ಹತ್ತಿಸಿದವಳು ನೀನು. ನೀನೇ ಬಂದು ಇಳಿಸು."

ನನ್ನ ಅಂಕಣಕ್ಕೆ ಇಷ್ಟು ಗಂಭೀರವಾದ ಪ್ರತಿಕ್ರಿಯೆ ಅದುವರೆಗೆ ಬಂದಿರಲಿಲ್ಲ. ಚಳಿಗಾಲ ಶುರುವಾಗುತ್ತಿದ್ದಂತೆ ಹೊರಟೆ.

ಉಮ್ಮ್ ಸಲಾಲ್

ಹೃದಯದ ತೊಂದರೆ ಗೊತ್ತಾದ ಮೇಲೆ ಫೀಲಿಕ್ಸ್ ಕಾರು ಓಡಿಸುವ ಹಾಗಿರಲಿಲ್ಲ, ಜೆಸಿಂತಾಳಿಗೆ ಅಂದು ರಜೆ ಇರಲಿಲ್ಲ. ಹಾಗಾಗಿ ದೋಹಾ ವಿಮಾನ ನಿಲ್ದಾಣಕ್ಕೆ ನನ್ನನ್ನು ಕರೆಯಲು ಬಂದವರು ಅವರ ಹಳೆಯ ಸ್ನೇಹಿತರಾದ ಇಬ್ರಾಹಿಂ. ಮೂಲ ಉಳ್ಳಾಲ, ಮನೆಮಾತು ಬ್ಯಾರಿ. ತಂದೆಯ ಕಾಲದಿಂದಲೂ ಕತಾರಿನಲ್ಲಿ ಬಟ್ಟೆ ವ್ಯಾಪಾರ. ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕಿ ಅವರು ಬರುವಷ್ಟರಲ್ಲಿ ನಾನು ಊರಿನ ಅಭ್ಯಾಸದಂತೆ ಎಡಗಡೆಯ ಬಾಗಿಲು ತೆಗೆದು ಕೂತಾಗಿತ್ತು. ಎದುರಿಗೆ ಸ್ಟಿಯರಿಂಗ್ ಕಂಡಾಗಲೇ ಎಚ್ಚರವಾದದ್ದು.

"ಟೀಚರ್ ಓಡಿಸುದಾದ್ರೆ ನಂಗೆ ಸಂತೋಷವೇ," ಎಂದರು ಇಬ್ರಾಹಿಂ, ಬಾಗಿಲ ಬಳಿ ನಿಂತು. "ಆದ್ರೆ ಪೋಲೀಸಿಗೆ ಸಂತೋಷ ಆಗ್ಲಿಕ್ಕಿಲ್ಲ."

ನಾನು ಇಳಿದು ಸುತ್ತು ಹಾಕಿ ಆಚೆ ಬದಿಗೆ ಹೋದೆ. ಮುಂದಿನ ದಿನಗಳಲ್ಲೂ ಈ ತಪ್ಪನ್ನು ಎಷ್ಟೋ ಸಲ ಮಾಡಿದೆ. ಬುದ್ಧಿಗೆ ಗೊತ್ತಾದರೂ ಕಾಲಿಗೆ ಗೊತ್ತಾಗಲಿಲ್ಲ.

ಇಬ್ರಾಹಿಂ ನೇರವಾಗಿ ದುಖಾನಿಗೆ ಬಿಡಲಿಲ್ಲ. ದೋಹಾದ ಉತ್ತರಕ್ಕೆ ಉಮ್ಮ್ ಸಲಾಲಿನಲ್ಲಿ ಅವರ ಮನೆ. ಊಟ ಮಾಡದೆ ಹೋದರೆ ಮನೆಯವಳು ತಮ್ಮನ್ನು ಒಳಗೆ ಸೇರಿಸುವುದಿಲ್ಲ ಎಂದರು. ದಾರಿಯಲ್ಲಿ ಒಂದು ಚಿಕ್ಕ ಹೋಟೆಲಿನ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದರು. ಒಳಗಿನಿಂದ ಒಬ್ಬ ಓಡಿ ಬಂದ, ಎರಡು ಬೆರಳು ತೋರಿಸಿದ್ದಕ್ಕೆ ಓಡಿ ಹೋದ, ಕಾಗದದ ಲೋಟದಲ್ಲಿ ಏಲಕ್ಕಿ ಹಾಕಿದ ಗಟ್ಟಿ ಚಹಾ ತಂದುಕೊಟ್ಟ. ನಮ್ಮ ಹಿಂದೆ ಮುಂದೆ ನಿಂತ ಎಲ್ಲ ಕಾರುಗಳೂ ಹಾರ್ನ್ ಹೊಡೆಯುತ್ತಿದ್ದವು. ಯಾರೂ ಇಳಿಯುವುದಿಲ್ಲ. ಕಾರ್ಕಳ ಪೇಟೆಯಲ್ಲಿ ಹೋಟೆಲಿನ ಮುಂದೆ ಹೀಗೆ ಹಾರ್ನ್ ಹೊಡೆದರೆ ಒಳಗಿನಿಂದ ಬೇರೆ ಏನಾದರೂ ಬಂದೀತು.

ಊಟಕ್ಕೆ ತೆಳು ರೊಟ್ಟಿಯಂಥ ಅಕ್ಕಿ ಪತ್ತಿರಿ, ಬಂಗುಡೆ ಸಾರು. ಇಬ್ರಾಹಿಮರ ಮೊಮ್ಮಗಳು ನಾನು ಯಾರೆಂದು ವಿಚಾರಿಸಿಕೊಂಡು, "ಕನ್ನಡದಲ್ಲಿ ಸೈನ್ಸ್ ಬರೀತೀರಾ? ಬಟ್ ಹೌ?" ಎಂದು ನಿಜವಾದ ಬೆರಗಿನಿಂದ ಕೇಳಿದಳು. ಅವಳಿಗೆ ಕನ್ನಡವೆಂದರೆ ಅಜ್ಜಿ ಊರಿನ ಗೆಳತಿಯರೊಡನೆ ಫೋನಿನಲ್ಲಿ ಆಡುವ ಭಾಷೆ. ಅದರಲ್ಲಿ ಪರಮಾಣು ಹೇಗೆ ಹಿಡಿಸುತ್ತದೆ ಎಂಬುದು ಪ್ರಶ್ನೆ. ಹಿಡಿಸುತ್ತದೆ, ಸ್ವಲ್ಪ ತಳ್ಳಬೇಕು ಎಂದೆ.

ಮತ್ತೆ ಕಾರು ಹತ್ತಿದ ಮೇಲೆ ಇಬ್ರಾಹಿಂ ತಾವೇ ಮಾತು ತೆಗೆದರು. ಫೀಲಿಕ್ಸನ ಹಟ ಅವರಿಗೂ ಗೊತ್ತಿತ್ತು.

"ನಮ್ಮಲ್ಲಿಯೂ ಎಲ್ಲ ಬರೆದಾಗಿದೆ ಅಂತ್ಲೇ ಹೇಳುದು ಟೀಚರೇ. ಆದ್ರೆ ನಾನು ಬಿ.ಪಿ. ಗುಳಿಗೆ ಬಿಡ್ಲಿಲ್ಲ. ಹಾಗಂತ ಅವನಿಗೆ ಹೇಳಿದೆ. ಅವನು ಏನಂದ ಗೊತ್ತುಂಟಾ? ನಿಮ್ಮದು ನಂಬಿಕೆ ಇಬ್ರಾಹಿಂ, ನಂದು ಸೈನ್ಸ್ ಅಂದ. ಖಲಾಸ್. ನಾನು ಎಂತ ಹೇಳುದು ಮತ್ತೆ?"

ಈ ಮಾತು ಕೇಳಿ ನನಗೆ ಇರುಸುಮುರುಸಾಯಿತು. ಅಂಕಣದಲ್ಲಿ ನಾನು ಎಲ್ಲಿಯೂ ಅದನ್ನು ಸಾಬೀತಾದ ವಿಜ್ಞಾನ ಎಂದು ಬರೆದಿರಲಿಲ್ಲ.

ದುಖಾನಿನ ದಾರಿ

ದುಖಾನ್ ಇರುವುದು ದೇಶದ ಪಶ್ಚಿಮದ ಅಂಚಿನಲ್ಲಿ. ಹೆದ್ದಾರಿ ಗೀಟು ಎಳೆದ ಹಾಗೆ ನೇರ. ಎರಡೂ ಬದಿಗೆ ಹಳದಿಯೂ ಅಲ್ಲದ ಬೂದಿಯೂ ಅಲ್ಲದ ನೆಲ, ಅಲ್ಲೊಂದು ಇಲ್ಲೊಂದು ಕುರುಚಲು ಗಿಡ, ಬೇಲಿಯಾಚೆ ಒಂಟೆಗಳು. ಇಬ್ರಾಹಿಂ ಮಾತು ನಿಲ್ಲಿಸಿದ್ದರಿಂದ, ನಾನು ವಾದಕ್ಕೆ ತಯಾರಾಗತೊಡಗಿದೆ. ಓದುಗರಿಗೂ ಆ ಸಿದ್ಧಾಂತ ಏನೆಂದು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಒಂದು ಚೌಕಳಿ ಕಾಗದ ತೆಗೆದುಕೊಳ್ಳಿ. ಪ್ರತಿ ಚೌಕ ಕಪ್ಪು ಇಲ್ಲವೇ ಬಿಳಿ. ಮುಂದಿನ ಕ್ಷಣ ಒಂದು ಚೌಕದ ಬಣ್ಣ ಏನಾಗಬೇಕು ಎಂಬುದನ್ನು ಅದರ ಅಕ್ಕಪಕ್ಕದ ಚೌಕಗಳನ್ನು ನೋಡಿ ಒಂದು ಪುಟ್ಟ ನಿಯಮ ತೀರ್ಮಾನಿಸುತ್ತದೆ. ಎಲ್ಲ ಚೌಕಗಳಿಗೂ ಅದೇ ನಿಯಮ. ಮಗ್ಗಿ ಬಲ್ಲ ಮಗುವೂ ಇದನ್ನು ಮಾಡಬಹುದು. ಆದರೆ ಹೀಗೆ ಕ್ಷಣಕ್ಕೊಂದರಂತೆ ಸಾಲು ಸಾಲಾಗಿ ಬಿಡಿಸುತ್ತಾ ಹೋದರೆ, ಕೆಲವು ನಿಯಮಗಳಿಂದ ಯಾರೂ ನಿರೀಕ್ಷಿಸದ ಚಿತ್ರಗಳು ಮೂಡುತ್ತವೆ. ಕೆಲವು ಶಂಖದ ಮೈಮೇಲಿನ ಗೆರೆಗಳಂತೆ, ಕೆಲವು ನೀರಿನ ಸುಳಿಗಳಂತೆ. ಕೆಲವು ಆಕಾರಗಳು ತಾವೇ ಕಾಗದದ ಮೇಲೆ ತೆವಳಿಕೊಂಡು ಹೋಗುತ್ತವೆ. ಇಷ್ಟು ಸರಳ ನಿಯಮದಿಂದ ಇಷ್ಟೆಲ್ಲ ಬರುವುದಾದರೆ, ನಕ್ಷತ್ರ, ಬಂಡೆ, ಬಂಗುಡೆ, ನಾವು ಎಲ್ಲರೂ ಇಂಥದೇ ಒಂದು ನಿಯಮದಿಂದ ಬಂದಿರಬಾರದೇಕೆ? ಜಾಗವೆಂಬುದೇ ಅತಿ ಸೂಕ್ಷ್ಮ ಚೌಕಗಳಾಗಿ, ಕಾಲವೆಂಬುದು ಒಂದೊಂದೇ ಹೆಜ್ಜೆಯ ಲೆಕ್ಕವಾಗಿ ಇರಬಾರದೇಕೆ? ಕಂಪ್ಯೂಟರುಗಳು ಒಂದು ಕೋಣೆಯಷ್ಟು ದೊಡ್ಡವಾಗಿದ್ದ ಕಾಲದಲ್ಲೇ ಕೆಲವರು ಹೀಗೆ ಕೇಳಿದರು. ಇಂದಿಗೂ ಕೇಳುತ್ತಿದ್ದಾರೆ.

ಉತ್ತರ ಯಾರಲ್ಲೂ ಇಲ್ಲ. ಜಾಗವು ಚೌಕಗಳಿಂದ ಆಗಿದ್ದರೆ ಬೆಳಕಿಗೆ ನೇರ ಹೋಗುವುದಕ್ಕೂ ಓರೆಯಾಗಿ ಹೋಗುವುದಕ್ಕೂ ವ್ಯತ್ಯಾಸ ಕಾಣಬೇಕಿತ್ತಲ್ಲ ಎನ್ನುವವರಿದ್ದಾರೆ. ಚೌಕಗಳೇ ಬೇಡ, ಬಲೆಯ ಗಂಟುಗಳಂಥ ಏನೋ ಒಂದು ಸಾಕು ಎಂದು ಅದಕ್ಕೆ ಜವಾಬು ಕೊಡುವವರೂ ಇದ್ದಾರೆ. ಗಡಿಯಾರ ಬಂದ ಕಾಲದಲ್ಲಿ ವಿಶ್ವವನ್ನು ಗಡಿಯಾರ ಅಂದರು, ಈಗ ಮೇಜಿನ ಮೇಲೆ ಕಂಪ್ಯೂಟರ್ ಇರುವುದರಿಂದ ಅದೇ ಹೋಲಿಕೆ ಎಂದು ನಗುವವರಲ್ಲಿ ನಾನೂ ಒಬ್ಬಳು. ಆದರೆ ನಗುತ್ತಲೇ ಆ ಚೌಕಗಳನ್ನು ಬಿಡಿಸುತ್ತಾ ಎಷ್ಟೋ ಮಧ್ಯಾಹ್ನಗಳನ್ನು ಕಳೆದಿದ್ದೇನೆ. ಅದರ ಸೆಳೆತ ಸುಳ್ಳಲ್ಲ.

ದುಖಾನ್

ಎಣ್ಣೆ ಕಂಪನಿಯ ಮನೆಗಳು ಒಂದೇ ಅಂತಸ್ತಿನವು, ಒಂದೇ ಅಚ್ಚಿನವು. ಗೇಟಿನ ಮೇಲಿನ ಬೊಗನ್ವಿಲ್ಲಾದ ಬಣ್ಣ ನೋಡಿ ಯಾರ ಮನೆ ಎಂದು ಗುರುತು ಹಿಡಿಯಬೇಕು. ರಸ್ತೆಯಲ್ಲಿ ಜನವೇ ಇಲ್ಲ. ದೂರದಲ್ಲಿ ಬಾವಿಗಳ ಕಡೆ ಅನಿಲ ಸುಡುವ ಒಂದು ಜ್ವಾಲೆ ಹಗಲಿನಲ್ಲೂ ಉರಿಯುತ್ತಿತ್ತು.

ಫೀಲಿಕ್ಸ್ ಬಾಗಿಲಲ್ಲೇ ನಿಂತಿದ್ದ. ತೆಳ್ಳಗಾಗಿದ್ದ, ಆದರೆ ಹಳೆಯ ತುಂಟ ನಗು ಹಾಗೆಯೇ ಇತ್ತು.

"ಬಾ ಬಾ ವಸುಧಾ. ನನ್ನನ್ನು ರಿಪೇರಿ ಮಾಡ್ಲಿಕ್ಕೆ ಬಂದದ್ದಲ್ವಾ? ಮೊದ್ಲು ಕಾಫಿ ಕುಡಿ."

ಪೆಟ್ಟಿಗೆಯಿಂದ ಕೋರಿ ರೊಟ್ಟಿಯ ಕಟ್ಟು ತೆಗೆದೆ. ದಾರಿಯಲ್ಲಿ ಪುಡಿಪುಡಿಯಾಗಿತ್ತು. ಆ ಪುಡಿಯನ್ನೇ ಬಟ್ಟಲಲ್ಲಿ ಹಾಕಿ ಜೆಸಿಂತಾ ಮೇಲೆ ಸಾರು ಹೊಯ್ದಳು. ಉಣ್ಣುತ್ತಲೇ ವಾದ ಶುರುವಾಯಿತು. ಶುರು ಮಾಡಿದವನು ಅವನೇ.

"ನಾನು ಇಡೀ ಕೆರಿಯರ್ ಮಾಡಿದ್ದು ಇದನ್ನೇ ಅಲ್ವಾ," ಎಂದ. ಅವನ ಕೆಲಸ ಹೀಗೆ: ನೆಲದಡಿಯ ಎಣ್ಣೆ ಕೆರೆಯ ಹಾಗೆ ನಿಂತಿರುವುದಿಲ್ಲ, ಸುಣ್ಣಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ ತುಂಬಿಕೊಂಡಿರುತ್ತದೆ. ಆ ಇಡೀ ಬಂಡೆಯನ್ನು ಕಂಪ್ಯೂಟರಿನಲ್ಲಿ ಲಕ್ಷಾಂತರ ಡಬ್ಬಿಗಳಾಗಿ ಕತ್ತರಿಸುತ್ತಾರೆ. ಪ್ರತಿ ಡಬ್ಬಿಯೂ ಪಕ್ಕದ ಡಬ್ಬಿಯ ಒತ್ತಡ ನೋಡಿಕೊಂಡು ಎಷ್ಟು ಎಣ್ಣೆ, ಎಷ್ಟು ನೀರು ಆಚೆ ದಾಟಬೇಕೆಂದು ಲೆಕ್ಕ ಹಾಕುತ್ತದೆ. ಹೆಜ್ಜೆ ಹೆಜ್ಜೆಯಾಗಿ ವರ್ಷಗಳು ಮುಂದೆ ಹೋಗುತ್ತವೆ. "ನೀನು ಬರೆದ ಚೌಕ, ನನ್ನ ಡಬ್ಬಿ, ಎರಡೂ ಒಂದೇ. ಓದಿದಾಗ ಮೈ ಜುಂ ಅಂತು. ಇಷ್ಟು ವರ್ಷ ನಾನು ದೇವರ ಕೆಲಸದ ಸಣ್ಣ ಮಾಡೆಲ್ ಮಾಡ್ತಾ ಇದ್ದೆ ಅಂತ."

"ನಿನ್ನ ಕಂಪ್ಯೂಟರಿನ ಎಣ್ಣೆ ಹಾಕಿದರೆ ಕಾರು ಓಡುತ್ತದಾ?" ಎಂದೆ.

"ಕಂಪ್ಯೂಟರಿನ ಒಳಗಿನ ಕಾರು ಓಡ್ತದೆ. ನೀನು ಯಾವ ಕಾರಲ್ಲಿ ಬಂದದ್ದು ಅಂತ ನಿಂಗೆ ಹೇಗೆ ಗೊತ್ತು?"

ನಾನು ನಕ್ಕುಬಿಟ್ಟೆ. ಜೆಸಿಂತಾ ನಗಲಿಲ್ಲ. 

ಮರುದಿನವೂ ಅದೇ. "ಎಲ್ಲ ಲೆಕ್ಕ ಆಗಿದ್ದರೆ ಊಟ ಯಾಕೆ ಮಾಡ್ತೀ?" ಎಂದು ಕೇಳಿದೆ.

"ಹಸಿವಾಗ್ತದೆ. ಹಸಿವೂ ಲೆಕ್ಕದಲ್ಲೇ ಉಂಟು."

"ಹಾಗಾದರೆ ಆಪರೇಶನ್ ಮಾಡಿಸಿಕೊಳ್ಳುವುದೂ ಲೆಕ್ಕದಲ್ಲೇ ಇರಬಹುದಲ್ಲ?"

"ಇರಬಹುದು. ಇದ್ರೆ ಮಾಡಿಸ್ತೇನೆ. ಇಷ್ಟರವರೆಗೆ ಮನಸ್ಸು ಬರ್ಲಿಲ್ಲ. ಅಂದ್ರೆ ಇಲ್ಲ ಅಂತ ಕಾಣ್ತದೆ."

ಇದನ್ನು ಸೋಲಿಸುವುದು ಹೇಗೆ? ನಾನು ಮುಂದಿಟ್ಟ ಪ್ರತಿ ಮಾತನ್ನೂ ಅವನು ಮೆತ್ತಗೆ ಎತ್ತಿ ಲೆಕ್ಕದೊಳಗೆ ಹಾಕಿಬಿಡುತ್ತಿದ್ದ. ಸಂಜೆ ಅಡುಗೆಮನೆಯಲ್ಲಿ ಜೆಸಿಂತಾ ನನ್ನನ್ನು ಹಿಡಿದುಕೊಂಡಳು.

"ನೀವಿಬ್ಬರು ಕಾಲೇಜಿನ ಡಿಬೇಟ್ ಮಾಡ್ತಾ ಇದ್ದೀರಿ. ನಂಗೆ ಅದು ಬೇಡ. ಅದೆಲ್ಲ ಸುಳ್ಳು, ನಾನು ಬರೆದದ್ದು ತಪ್ಪು ಅಂತ ಹೇಳಿಬಿಡು. ನೀನು ಹೇಳಿದ್ರೆ ಕೇಳ್ತಾರೆ."

"ಸುಳ್ಳು ಅಂತ ಗೊತ್ತಿಲ್ಲ ಜೆಸ್ಸಿ. ನಿಜ ಅಂತಲೂ ಗೊತ್ತಿಲ್ಲ. ಪರೀಕ್ಷೆ ಮಾಡುವ ದಾರಿ ಯಾರಿಗೂ ಸಿಕ್ಕಿಲ್ಲ."

"ನಿಂಗೆ ಸತ್ಯ ದೊಡ್ಡದು. ನಂಗೆ ಗಂಡ ಬೇಕು," ಎಂದಳು. ಮೀನಿನ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಒಲೆಯ ಮೇಲಿಟ್ಟಳು.  ಸುಳ್ಳು ಹೇಳಬೇಕೆಂದು ನನಗೂ ಅನ್ನಿಸಿತ್ತು. ಬಾಯಿಗೆ ಬರಲಿಲ್ಲ ಅಷ್ಟೆ. ಬಂದಿದ್ದರೂ ಫೀಲಿಕ್ಸ್ ಕೂಡಲೇ ಹಿಡಿಯುತ್ತಿದ್ದ.

ಮಾರನೆಯ ಬೆಳಿಗ್ಗೆ ಅವನ ಜೊತೆ ಸಮುದ್ರದ ಬಳಿ ನಡೆಯಲು ಹೋದೆ. ಅಲ್ಲಿಯ ಕಡಲಿಗೆ ಅಲೆಯೇ ಇಲ್ಲ. ನಮ್ಮ ಕಡೆಯ ಕಡಲು ನೋಡಿದವರಿಗೆ ಅದು ಯಾರೋ ಬಟ್ಟಲಲ್ಲಿ ಎತ್ತಿಟ್ಟ ನೀರಿನಂತೆ ಕಾಣುತ್ತದೆ. ಸ್ವಲ್ಪ ನಡೆದರೆ ಫೀಲಿಕ್ಸ್ ನಿಲ್ಲುತ್ತಿದ್ದ. ಆಮೇಲೆ ಏನೋ ನೋಡುವವನ ಹಾಗೆ ದಿಗಂತ ದಿಟ್ಟಿಸುತ್ತಿದ್ದ. ನೋಡಲು ಅಲ್ಲಿ ಏನೂ ಇರಲಿಲ್ಲ. ಉಸಿರು ಸಾಲುತ್ತಿರಲಿಲ್ಲ ಅವನಿಗೆ.

ಅಲ್ಲಿಯೇ ಒಂದು ಬೆಂಚಿನ ಮೇಲೆ ಕೂರಿಸಿ, ಜಗಳದ ದನಿ ಬಿಟ್ಟು ಹೇಳಿದೆ. "ನೀನು ಒಂದು ಕಡೆ ಆ ಸಿದ್ಧಾಂತವನ್ನೇ ತಪ್ಪಾಗಿ ಹಿಡಿದಿದ್ದೀ ಫೀಲಿಕ್ಸ್. ಆ ಚೌಕಗಳ ಕೆಲವು ನಿಯಮಗಳಿಗೆ ಅಡ್ಡದಾರಿ ಇಲ್ಲ ಅಂತ ಬರೆದಿದ್ದೆ, ನೆನಪುಂಟಾ? ಮುಂದೆಲ್ಲೋ ಇರುವ ಒಂದು ಸಾಲು ಹೇಗಿದೆ ಅಂತ ನೋಡಬೇಕಾದರೆ ನಡುವಿನ ಎಲ್ಲ ಸಾಲುಗಳನ್ನೂ ಬಿಡಿಸಲೇಬೇಕು. ಹಾರಿ ಹೋಗುವ ಸೂತ್ರ ಯಾವುದೂ ಇಲ್ಲ. ಹಾಗಿರುವಾಗ 'ಆಗಲೇ ಲೆಕ್ಕ ಆಗಿದೆ' ಅನ್ನುವುದಕ್ಕೆ ಅರ್ಥ ಏನು? ಎಲ್ಲಿ ಆಗಿದೆ? ವಿಶ್ವ ಗಣನೆಯೇ ಆಗಿದ್ದರೆ ಅದು ಈಗ ನಡೆಯುತ್ತಾ ಇದೆ. ನಾವು ಬೆಂಚಿನ ಮೇಲೆ ಕೂತದ್ದೂ ಒಂದು ಸಾಲು. ನೀನು ಆಸ್ಪತ್ರೆಗೆ ಹೋಗುವುದೂ ಒಂದು ಸಾಲು. ಅದನ್ನು ಬಿಡಿಸದೆ ಮುಂದಿನದ್ದು ಯಾರಿಗೂ ಗೊತ್ತಾಗುವುದಿಲ್ಲ. ಲೆಕ್ಕಕ್ಕೂ ಗೊತ್ತಾಗುವುದಿಲ್ಲ."

ಅವನು ಚಪ್ಪಲಿಯಿಂದ ಮರಳನ್ನು ಅತ್ತ ಇತ್ತ ಸರಿಸಿದ.

"ಇದು ಪಾಯಿಂಟ್," ಎಂದ ಕೊನೆಗೆ. "ಯೋಚನೆ ಮಾಡ್ತೇನೆ." ಆಮೇಲೆ, "ನಾಳೆ ಝಿಕ್ರೀತಿಗೆ ಹೋಗುವ. ನೀನು ಇಷ್ಟು ದೂರ ಬಂದು ನನ್ನ ಮುಖ ಮಾತ್ರ ನೋಡಿ ಹೋದ್ರೆ ಹೇಗೆ?" ಎಂದ.

ಝಿಕ್ರೀತ್

ದುಖಾನಿನಿಂದ ಸ್ವಲ್ಪ ಉತ್ತರಕ್ಕೆ ಕಡಲೊಳಗೆ ಚಾಚಿದ ಒಂದು ನಾಲಿಗೆಯಂಥ ಭೂಮಿ ಝಿಕ್ರೀತ್. ಗಾಳಿ ಕೊರೆದ ಸುಣ್ಣಕಲ್ಲುಗಳು ಅಲ್ಲಿ ನಾಯಿಕೊಡೆಗಳ ಹಾಗೆ ನಿಂತಿವೆ. ಮರಳುಗಾಡಿನ ನಟ್ಟನಡುವೆ ಯಾರೋ ಕಲಾವಿದ ಮನೆಗಿಂತ ಎತ್ತರದ ಉಕ್ಕಿನ ಹಲಗೆಗಳನ್ನು ಸಾಲಾಗಿ ನೆಟ್ಟಿದ್ದಾನೆ. ಅವು ತುಕ್ಕು ಹಿಡಿದು ಕೆಂಪಾಗಿವೆ. ಅವುಗಳ ನೆರಳಲ್ಲಿ ಒಂದು ಸಂಸಾರ ಚಾಪೆ ಹಾಸಿ ಬಿರಿಯಾನಿ ಉಣ್ಣುತ್ತಿತ್ತು. ಕಲೆಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೂ ಹೊಳೆಯಲಿಲ್ಲ.

ಕಾರು ಓಡಿಸುತ್ತಿದ್ದವಳು ಜೆಸಿಂತಾ. ವಾಪಸು ಬರುವಾಗ ಕಡಲಿನ ಕಡೆಯಿಂದ ಹೋದರೆ ಚಂದ ಎಂದು ಫೀಲಿಕ್ಸ್ ಹೇಳಿದ. ನೆಲ ಸಿಮೆಂಟು ಹಾಕಿದಂತೆ ಗಟ್ಟಿಯಾಗಿ, ಬೆಳ್ಳಗೆ ಕಾಣುತ್ತಿತ್ತು. ಅದು ಉಪ್ಪಿನ ಹಕ್ಕಳೆ, ಅಡಿಯಲ್ಲಿ ಕೆಸರು. ಅದು ಗೊತ್ತಾಗುವ ಹೊತ್ತಿಗೆ ಹಿಂದಿನ ಚಕ್ರಗಳು ಹೂತುಹೋಗಿದ್ದವು. ಜೆಸಿಂತಾ ಆಕ್ಸಿಲರೇಟರ್ ಒತ್ತಿದಷ್ಟೂ ಅವು ಇನ್ನಷ್ಟು ಕೆಳಗಿಳಿದವು.

ನಾನು ಇಳಿದು ತಳ್ಳಿದೆ. ಪಾದ ಹೂತು ಚಪ್ಪಲಿ ಕೆಸರಲ್ಲೇ ಉಳಿಯಿತು. ಕಾರು ಅಲುಗಲಿಲ್ಲ. ಆಗ ಫೀಲಿಕ್ಸೂ ಇಳಿದ.

"ನೀವು ಇಳಿಯಬೇಡಿ!" ಎಂದು ಜೆಸಿಂತಾ ಒಳಗಿನಿಂದಲೇ ಕೂಗಿದಳು.

"ಒಂದು ಪುಶ್, ಅಷ್ಟೇ," ಎಂದು ಅವನು ಕಾರಿನ ಹಿಂಬದಿಗೆ ಭುಜ ಕೊಟ್ಟ. ನಾನು ಅವನ ತೋಳು ಹಿಡಿದು ಎಳೆದೆ. ಅಷ್ಟರಲ್ಲಿ ಅವನೇ ಬಿಟ್ಟಿದ್ದ. ಕಾರಿಗೆ ಒರಗಿ ನಿಧಾನವಾಗಿ ಕೆಳಗೆ ಕೂತ. ಎದೆಯ ಮೇಲೆ ಕೈ ಇಟ್ಟುಕೊಂಡಿದ್ದ. ಮುಖದಲ್ಲಿ ಬೆವರು ಇಳಿಯುತ್ತಿತ್ತು, ಗಾಳಿ ತಣ್ಣಗಿದ್ದರೂ.

ಜೆಸಿಂತಾ ಓಡಿ ಬಂದು ಅವನ ನಾಲಿಗೆಯಡಿಗೆ ಮಾತ್ರೆ ಇಟ್ಟಳು. ಆಂಬುಲೆನ್ಸಿಗೆ ಫೋನ್ ಮಾಡಿದಳು. ಎಲ್ಲಿದ್ದೀರಿ ಎಂದು ಅವರು ಕೇಳಿದರೆ ಹೇಳಲು ಗುರುತೇ ಇಲ್ಲ, ಸುತ್ತಲೂ ಬಿಳಿ ನೆಲ. ನಾನು ಬರಿಗಾಲಲ್ಲಿ ದಿಬ್ಬ ಹತ್ತಿ ದುಪಟ್ಟಾ ಬೀಸಿದೆ. ಚಳಿಗಾಲದಲ್ಲಿ ಕತಾರಿನವರು ಮರಳುಗಾಡಿನಲ್ಲಿ ಗುಡಾರ ಹಾಕಿ ವಾರಗಟ್ಟಲೆ ಇರುತ್ತಾರೆಂದು ಇಬ್ರಾಹಿಂ ಹೇಳಿದ್ದು ನಿಜವಾಗಿತ್ತು. ದೂರದ ಗುಡಾರಗಳ ಕಡೆಯಿಂದ ಒಂದು ಬಿಳಿ ಜೀಪು ಧೂಳೆಬ್ಬಿಸುತ್ತಾ ಬಂದು, ಕೆಸರಿಗೆ ಸ್ವಲ್ಪ ದೂರದಲ್ಲೇ ನಿಂತಿತು.

ಇಳಿದವನು ನಡುವಯಸ್ಸಿನ ಕತಾರಿ. ಬಿಳಿ ನಿಲುವಂಗಿಯ ಮೇಲೆ ಉಣ್ಣೆಯ ಕೋಟು ಹಾಕಿದ್ದ. ಮೊದಲು ಕಾರು ನೋಡಿ ನಗಲು ಹೊರಟವನು ಫೀಲಿಕ್ಸನನ್ನು ಕಂಡು ನಗು ನುಂಗಿದ. ಗಲ್ಫಿನವರು ಅಂಗಡಿ ಬೀದಿಯಲ್ಲಿ ಕಲಿತ ಹಿಂದಿಯಲ್ಲಿ, ಎಲ್ಲಿಗೆ ಹೋಗಬೇಕು ಗೆಳೆಯಾ ಎಂದು ಬಗ್ಗಿ ಕೇಳಿದ: "ಸದೀಕ್, ಕಿಧರ್ ಜಾನಾ? ಘರ್? ಹಸ್ಪತಾಲ್?"

ಜೆಸಿಂತಾ ಬಾಯಿ ತೆರೆದಳು. ಅದಕ್ಕೂ ಮೊದಲೇ ಫೀಲಿಕ್ಸ್ ಹೇಳಿದ್ದ: "ಹಸ್ಪತಾಲ್. ಜಲ್ದಿ."

ಅವನ ದನಿಯಲ್ಲಿ ಬರಿಯ ಭಯವಿತ್ತು. ಇಷ್ಟು ದಿನ ನಮ್ಮ ಮಾತುಗಳ ಅಡಿಯಲ್ಲಿ ಅದು ಇದ್ದದ್ದು ನನಗೆ ಗೊತ್ತಾಗಿರಲಿಲ್ಲ. ಅವನು ಲೆಕ್ಕದ ಹಿಂದೆ ಅಡಗಿ ಕೂತಿದ್ದ. ನಾನು ಬಂದು ಆ ಲೆಕ್ಕದ ಬಗ್ಗೆ ಜಗಳವಾಡಿದ್ದೆ.

"ಯಲ್ಲಾ," ಎಂದು ಕತಾರಿ ಅವಸರಪಡಿಸಿದ. ಅವನೂ ನಾನೂ ಸೇರಿ ಫೀಲಿಕ್ಸನನ್ನು ಎತ್ತಿ ಜೀಪಿನ ಹಿಂದಿನ ಸೀಟಿಗೆ ಸೇರಿಸಿದೆವು. ಅಲ್ಲಿದ್ದ ಕಂಬಳಿ, ಕೆಟಲು, ಖರ್ಜೂರದ ಡಬ್ಬಗಳನ್ನು ಆತ ಮೊದಲೇ ಹೊರಗೆ ಮರಳಿಗೆ ಎಸೆದಿದ್ದ. ದುಖಾನಿನ ಕ್ಲಿನಿಕ್ಕಿಗೆ ತಲುಪುವವರೆಗೂ ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದರಲ್ಲಿ ಫೋನು ಹಿಡಿದು ಯಾರಿಗೋ ಅರಬ್ಬಿಯಲ್ಲಿ ಗದರುತ್ತಿದ್ದ. ನಾವು ಬಾಗಿಲು ತಲುಪಿದಾಗ ಗಾಲಿ ಮಂಚ ಹೊರಗೇ ಕಾಯುತ್ತಿತ್ತು. ಅವನ ಹೆಸರು ಕೇಳಬೇಕೆಂದು ತಿರುಗಿದೆ. ಜೀಪು ಆಗಲೇ ಹೊರಟಿತ್ತು. ಮರುದಿನ ನಮ್ಮ ಕಾರು ತೊಳೆದ ಸ್ಥಿತಿಯಲ್ಲಿ ಕ್ಲಿನಿಕ್ಕಿನ ಮುಂದೆ ಬಂದು ನಿಂತಿತ್ತಂತೆ. ನನ್ನ ಚಪ್ಪಲಿಗಳು ಒಳಗಿದ್ದವಂತೆ.

ದೋಹಾ

ಕ್ಲಿನಿಕ್ಕಿನಿಂದ ಅವನನ್ನು ಆಂಬುಲೆನ್ಸಿನಲ್ಲಿ ದೋಹಾದ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ನಾವು ಇಬ್ರಾಹಿಮರ ಮನೆಯಲ್ಲಿ ಉಳಿದೆವು. ಹೃದಯಕ್ಕೆ ದೊಡ್ಡ ಪೆಟ್ಟು ಬಿದ್ದಿಲ್ಲ, ಆದರೆ ಇನ್ನು ತಡ ಮಾಡಬಾರದು ಎಂದರು ಡಾಕ್ಟರು. ಒಪ್ಪಿಗೆಯ ಕಾಗದಕ್ಕೆ ಫೀಲಿಕ್ಸ್ ವಾದ ಮಾಡದೆ ಸಹಿ ಹಾಕಿದ. ನಾನು ಅವನನ್ನು ನೋಡಲು ಹೋದಾಗ ಮಲಗಿದ್ದಲ್ಲಿಂದಲೇ ಬೆರಳೆತ್ತಿದ.

"ಗೆದ್ದೆ ಅಂತ ತಿಳ್ಕೊಳ್ಬೇಡ. ಹಸ್ಪತಾಲ್ ಅಂತ ನಾನು ಹೇಳುದು ಕೂಡ ಲೆಕ್ಕದಲ್ಲಿ ಇತ್ತು ಅಂತ್ಲೇ ನನ್ನ ಸ್ಟ್ಯಾಂಡ್."

"ಇರಲಿ ಮಾರಾಯ. ಲೆಕ್ಕಕ್ಕೆ ನನ್ನ ಕಡೆಯಿಂದ ಥ್ಯಾಂಕ್ಸ್ ಹೇಳು."

ಸಿದ್ಧಾಂತ ಅಲ್ಲಾಡಿರಲಿಲ್ಲ. ಇಂದಿಗೂ ಅದನ್ನು ಅಲ್ಲಾಡಿಸುವ ದಾರಿ ನನಗೆ ಗೊತ್ತಿಲ್ಲ.

ಆಪರೇಶನಿನ ದಿನ ಬೆಳಿಗ್ಗೆ ಅವನನ್ನು ಒಳಗೆ ಕರೆದೊಯ್ದರು. ಜೆಸಿಂತಾ, ನಾನು, ಇಬ್ರಾಹಿಂ ಹೊರಗಿನ ಹಾಲಿನಲ್ಲಿ ಕೂತೆವು. ಎ.ಸಿ. ಎಷ್ಟು ಜೋರಾಗಿತ್ತೆಂದರೆ ಮರಳುಗಾಡಿನ ದೇಶದಲ್ಲಿ ನಾನು ಶಾಲು ಹೊದ್ದು ನಡುಗುತ್ತಿದ್ದೆ. ಜೆಸಿಂತಾ ಜಪಮಣಿ ಹಿಡಿದಿದ್ದಳು, ಆದರೆ ಬೆರಳು ಒಂದೇ ಮಣಿಯ ಮೇಲೆ ನಿಂತಿತ್ತು.

"ನಿಂಗೆ ಒಂದು ವಿಷಯ ಹೇಳ್ಲಿಲ್ಲ," ಎಂದಳು. "ಇವರ ಅಪ್ಪ ಹರ್ನಿಯಾ ಆಪರೇಶನಿಗೆ ಅಂತ ಉಡುಪಿಗೆ ಹೋದವರು. ಸಣ್ಣ ಆಪರೇಶನ್. ಅನಸ್ತೇಶಿಯಾ ಕೊಟ್ರು, ಏಳ್ಲೇ ಇಲ್ಲ. ಇವರು ಆಗ ಶಾಲೆಗೆ ಹೋಗುವ ಹುಡುಗ. ನಂಗೆ ಅತ್ತೆ ಹೇಳಿದ್ದು. ಇವರು ಒಂದು ದಿನವೂ ಬಾಯಿ ಬಿಡ್ಲಿಲ್ಲ."

"ಮೊದಲೇ ಯಾಕೆ ಹೇಳಲಿಲ್ಲ?"

"ಅವರೇ ಮುಚ್ಚಿಟ್ಟದ್ದು. ನಾನು ಹೇಗೆ ತೆಗೆಯುದು?"

ಆಮೇಲೆ ಅವಳು ಕೇಳಿದಳು. "ಏನಾಗ್ತದೆ ಅಂತ ನಿನ್ನ ಸೈನ್ಸಲ್ಲಿ ಗೊತ್ತಾಗುದಿಲ್ಲ ಅಲ್ವಾ?"

"ಇಲ್ಲ ಜೆಸ್ಸಿ."

"ಕಾಯ್ಲೇಬೇಕು."

"ಕಾಯಲೇಬೇಕು," ಎಂದೆ. ಕಡಲ ಬದಿಯ ಬೆಂಚಿನ ಮೇಲೆ ಎಷ್ಟು ಗೆಲುವಿನಿಂದ ಅಡ್ಡದಾರಿ ಇಲ್ಲ ಎಂದಿದ್ದೆ. ಈಗ ಆ ಮಾತಿನ ಒಳಗೇ ಕೂತಿದ್ದೆವು. ಅದು ಬಹಳ ತಣ್ಣಗಿತ್ತು. ಗೋಡೆಯ ಟಿ.ವಿ.ಯಲ್ಲಿ ದನಿ ಇಲ್ಲದೆ ಯಾವುದೋ ಅಡುಗೆಯ ಕಾರ್ಯಕ್ರಮ ನಡೆಯುತ್ತಿತ್ತು. ಇಬ್ರಾಹಿಂ ನಮಾಜಿಗೆ ಹೋಗಿ ಬಂದರು. ಬರುವಾಗ ಸಮೋಸಾ ತಂದರು. ಜೆಸಿಂತಾ ಬೇಡ ಅಂದಳು. ಆಮೇಲೆ ಯಾರೂ ಹೇಳದೆ ತೆಗೆದು ತಿಂದಳು, ಇನ್ನೊಂದನ್ನೂ ತಿಂದಳು.

ಮಧ್ಯಾಹ್ನ ಕಳೆದ ಮೇಲೆ ಸರ್ಜನ್ ಹೊರಗೆ ಬಂದರು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಎಲ್ಲ ಸರಿಯಾಗಿ ಆಯಿತು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಜೆಸಿಂತಾ ಅವರಿಗೆ ಕೊಂಕಣಿಯಲ್ಲಿ ಏನೋ ಹೇಳಿದಳು. ಅವರು ಅರ್ಥವಾದವರಂತೆ ತಲೆಯಾಡಿಸಿದರು.

ವಾರ್ಡಿಗೆ ತಂದ ಮೇಲೆ ಫೀಲಿಕ್ಸನನ್ನು ನೋಡಲು ನಮ್ಮಿಬ್ಬರನ್ನೂ ಬಿಟ್ಟರು. ನಾನು ಊರಿಗೆ ಹೊರಡುವ ಹಿಂದಿನ ದಿನ ಅದು. ಎದೆಗೆ ದಿಂಬು ಅವಚಿಕೊಂಡು ಒರಗಿದ್ದ. ದನಿ ಗೊಗ್ಗರು. ಸಿದ್ಧಾಂತದ ಬಗ್ಗೆ ಏನಾದರೂ ಹೇಳುತ್ತಾನೆಂದು ನಾನು ಕಾದೆ. ಅವನು ಹೆಂಡತಿಯ ಕಡೆ ತಿರುಗಿದ.

"ಆ ದಿನ ನಂಗೆ ಇಲ್ವೇ ಇಲ್ಲ ಜೆಸ್ಸಿ. ಸೀಲಿಂಗಿನ ಲೈಟು ನೋಡಿದೆ, ಮತ್ತೆ ನರ್ಸ್ ಹೆಸರು ಕರೆದ್ಲು. ನಡುವೆ ಎಂತದೂ ಇಲ್ಲ. ಕತ್ತಲೆ ಸಹ ಇಲ್ಲ." ಉಸಿರು ತೆಗೆದುಕೊಂಡ. "ಎಂತೆಲ್ಲ ಆಯ್ತು? ಹೇಳು."

"ಆಪರೇಶನ್ ಆಯ್ತು. ಮತ್ತೆಂತ?"

"ಹಾಗಲ್ಲ. ಬಾಗಿಲು ಹಾಕಿದಲ್ಲಿಂದ ಹೇಳು. ಒಂದೂ ಬಿಡ್ಬೇಡ."

ಜೆಸಿಂತಾ ನನ್ನ ಮುಖ ನೋಡಿದಳು. ಆಮೇಲೆ ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡು ಕೂತಳು. ಹಾಲಿನ ಚಳಿ, ದನಿಯಿಲ್ಲದ ಟಿ.ವಿ., ಅದರಲ್ಲಿ ಯಾರೋ ಮಾಡುತ್ತಿದ್ದ ಕುರಿಮಾಂಸ, ಅದಕ್ಕೆ ಮಸಾಲೆ ಕಡಿಮೆಯಾಯಿತೆಂದು ತನಗೆ ಅನಿಸಿದ್ದು, ಎದುರಿಗೆ ಕೂತಿದ್ದ ಫಿಲಿಪಿನೋ ಹೆಂಗಸು ಸುಮ್ಮನೆ ಬಂದು ತನ್ನ ಕೈ ಹಿಡಿದು ಹೋದದ್ದು. ಒಂದೊಂದೇ ಹೇಳುತ್ತಾ ಹೋದಳು. ನಾನು ಪಕ್ಕದಲ್ಲೇ ಇದ್ದರೂ ಆ ಹೆಂಗಸನ್ನು ಗಮನಿಸಿರಲಿಲ್ಲ. ಎಲ್ಲ ಆಗಲೇ ತೀರ್ಮಾನವಾಗಿದೆ ಎನ್ನುತ್ತಿದ್ದ ಮನುಷ್ಯ ಕಣ್ಣು ಕೀಳದೆ ಕೇಳುತ್ತಿದ್ದ.

"ಇಬ್ರಾಹಿಂ ಸಮೋಸಾ ತಂದ್ರು," ಎಂದಳು ಜೆಸಿಂತಾ. "ನಾನು ಬೇಡ ಅಂದೆ."

"ಮತ್ತೆ?" ಎಂದ ಫೀಲಿಕ್ಸ್.